ಆರು ಮನೆ ಖಾಲಿ

ಧೋಬಿ ತಲಾವಿನ ಕೂಡಿನಲ್ಲಿ, ಮೂರನೇ ಮಹಡಿ,
ಮೇರಿ ಮಾತೆಯ ಪೀಠದಡಿ ಟ್ರಂಕುಗಳ ಸಾಲು.
ಹಡಗು ಹತ್ತಿದವರವು, ಹತ್ತಿ ಇಳಿಯದವರವು.
ಹನ್ನೊಂದನೆಯದಕ್ಕೆ ಬೀಗವಿಲ್ಲ, ತೆಂಗಿನ ಹುರಿ.
ಎಸ್ಪೆರಾನ್ಸಾ ಕುತಿನ್ಹೊ ಹಲ್ಲಿನಿಂದ ಗಂಟು ಬಿಡಿಸಿ
"ಅಜ್ಜನದು" ಎಂದಳು. "ನೀವು ಬೈಂಡಿಂಗಿನವರಲ್ಲವೆ, ನೋಡಿ."

ನಾನು ಕಟ್ಟುವುದು ಖಾತೆ ಪುಸ್ತಕ, ಅಪ್ಪನೂ ಅದನ್ನೇ.
ಬಟ್ಟೆ ಮಾರ್ಕೆಟ್ಟಿನ ಅರ್ಧ ಸಾಲ
ಇಂದಿಗೂ ನಮ್ಮ ಹೊಲಿಗೆಯಲ್ಲಿ ನಿಂತಿದೆ.
ಈ ಬರಹ ಮಾತ್ರ ಓದಲು ಬಾರದು:
ಅಗಸನ ಐದು ಹಗ್ಗ, ಅದರ ಮೇಲೆ
ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ.
ನಡುನಡುವೆ ಗೋಡೆ. ಗೋಡೆಗೂ ಗೋಡೆಗೂ ನಡುವೆ
ಚೌಕಾಬಾರದ ಹಾಗೆ ಮನೆ.

ಅಜ್ಜ ಅಪೊಲೊ ಬಂದರಿನ ಹೋಟೆಲಿನಲ್ಲಿ ಪಿಟೀಲು.
ಒಂದು ಚಳಿಗಾಲ ಅಮೆರಿಕದಿಂದ ಎಂಟು ಮಂದಿ ಬಂದರಂತೆ,
ಕರಿಯರು, ಬಿಳಿ ಕೋಟು.
ಅವರ ಊರಲ್ಲಿ ಅವರಿಗೆ ಹಿಂಬಾಗಿಲು, ಇಲ್ಲಿ ಮುಂಬಾಗಿಲು,
ನಮಗೆ ಇಲ್ಲೂ ಹಿಂಬಾಗಿಲೇ ಎಂದು ಅಜ್ಜ ನಗುತ್ತಿದ್ದನಂತೆ.
ಹೊರಡುವ ವಾರ ಒಬ್ಬ ಈ ಕಟ್ಟು ಕೊಟ್ಟ:
ಅವನ ಅಪ್ಪನ ಕಾಲದ ಹಾಳೆಗಳು,
ಅವರ ದೇಶದಲ್ಲೇ ಯಾರೂ ಎತ್ತಿಡದವು.

ಮುಟ್ಟಿದರೆ ಹಪ್ಪಳ. ಮಡಿಕೆಯಲ್ಲಿ ಬೆಳ್ಳಿಹುಳು.
ಹರಿದಲ್ಲಿ ಅಂಟಿಸಿದ ಪಟ್ಟಿಯೇ ಈಗ
ಚಹಾ ಬಣ್ಣದ ಇನ್ನೊಂದು ಗಾಯ.
ಗೋಧಿ ಹಿಟ್ಟನ್ನು ಏಳು ನೀರಲ್ಲಿ ತೊಳೆದು ತೆಗೆದ ಹಾಲು,
ಕಾಯಿಸಿ, ಸೋಸಿ, ಆರಿಸಿ,
ಈರುಳ್ಳಿ ಸಿಪ್ಪೆಯಷ್ಟು ತೆಳು ಜಪಾನಿ ಕಾಗದ.
ಮೇ ತಿಂಗಳು. ಫ್ಯಾನ್ ಹಾಕುವಂತಿಲ್ಲ.

ಮುಖಪುಟ ನೋಡಿ ಕೈ ಹಿಂದೆಗೆದೆ.
ಪ್ರಕಾಶಕನ ಹೆಸರು ಆನೆಯಷ್ಟು, ಬರೆದವನದು ಇರುವೆ:
ಅಮೋಸ್ ಟಿ. ವೆದರ್ಲಿ. ನಡುವೆ
ಹಲ್ಲು ಕಿರಿದು ತುಟಿ ಉಬ್ಬಿಸಿ ಕುಣಿವ ಒಂದು ಕಪ್ಪು ಮುಖ,
ಅವನನ್ನು ಎಂದೂ ನೋಡದವನ ಕುಂಚದ್ದು.
"ಇದನ್ನು ಕತ್ತರಿಸಿಬಿಡಲೆ?"
ಎಸ್ಪೆರಾನ್ಸಾ ಬಹಳ ಹೊತ್ತು ಮಾತಾಡಲಿಲ್ಲ.
"ಬೇಡ. ಅದಕ್ಕೂ ಗಂಜಿ ಹಚ್ಚಿ.
ಈ ಮುಖ ಹೊತ್ತುಕೊಂಡೇ ಇದು ಅಂಗಡಿಗೆ ಹೋದದ್ದು."
ಹಚ್ಚಿದೆ. ಆ ರಾತ್ರಿ ಎರಡು ಸಲ ಕೈ ತೊಳೆದೆ.
ಗಂಜಿ ಮೊದಲ ಸಲಕ್ಕೇ ಹೋಗಿತ್ತು.

ಅಡಿಯಲ್ಲಿ ಅಜ್ಜನ ನಕಲು, ಪುಟಕ್ಕೆ ಎರಡಾಣೆಯ ಕೈಬರಹ.
ಅದರಲ್ಲಿ ಚಿತ್ರವಿಲ್ಲ. ಚಿತ್ರವಿದ್ದ ಜಾಗದ ತುಂಬ
ಜ್ಞಾನಸ್ನಾನದ ದಫ್ತರದಲ್ಲಿ ಬರೆಯುವಂತೆ
ಸುಳಿ ಸುಳಿಯಾಗಿ ಹೆಸರು.
ಕಾಗುಣಿತ ಮಾತ್ರ ತಪ್ಪು: ಅಮೊಝ್ ವೆದೆರ್ಲಿನ್.
ತಿದ್ದಲಿಲ್ಲ.

ಮೂರನೇ ಪುಟದಲ್ಲಿ ಹುಳು ಸುರಂಗ ಕೊರೆದು
ಅಸಲು ನಕಲು ಎರಡನ್ನೂ ಒಂದೇ ಜಾಗದಲ್ಲಿ ತಿಂದಿತ್ತು.
ಆರು ಮನೆ.
ಹಿಂದಿನಿಂದ ಬಿಳಿ ಕಾಗದ ಕೊಟ್ಟೆ, ಗೆರೆ ಸಹ ಎಳೆಯದೆ.

ಗುರುವಾರ ಬಾಸಿಲಿಯೊ ಬಂದ, ಎಂಬತ್ತೊಂಬತ್ತು,
ಕಿವಿಗೆ ಯಂತ್ರ, ಅಜ್ಜನ ಬಳಿ ಕಲಿತವರಲ್ಲಿ ಉಳಿದವನು.
"ಅಂದಾಜಿಗೆ ತುಂಬಿಸಿ ನುಡಿಸಬಹುದಲ್ಲ?" ಎಂದೆ.
"ಬರುತ್ತೆ ನನಗೆ. ಚೆಂದವೂ ಇರುತ್ತೆ.
ಆಮೇಲೆ ಅದು ಅವನದೇ ಅಂತ ಜನ ನಂಬಿಬಿಡ್ತಾರೆ."

ಪಿಟೀಲು ಗಲ್ಲಕ್ಕಿಟ್ಟ. ಮೊದಲ ಪುಟ
ಕುಂಟುವವನೊಬ್ಬ ಬೇಕೆಂದೇ ಕುಂಟಿದ ಹಾಗೆ,
ಎಡಗಾಲು ನೇರ, ಬಲಗಾಲು ತುಂಟ.
ಅಡುಗೆ ಮನೆಯಿಂದ ಯಾರೋ ಚಮಚ ಹಿಡಿದು ಬಂದು ನಿಂತರು.
ಮೂರನೇ ಪುಟ. ಬಿಲ್ಲು ಎತ್ತಿದ.
ಬರಿಗಾಲು ಮಾತ್ರ ಹಲಗೆಯ ಮೇಲೆ ಎಣಿಸುತ್ತಿತ್ತು,
ಒಂದನೇ ಮನೆ, ಎರಡನೇ ಮನೆ,
ಮೆರೀನ್ ಲೈನ್ಸಿನ ಲೋಕಲ್ ಹಾದುಹೋಯಿತು,
ನಾಲ್ಕು, ಪಾವ್ ಮಾರುವವನ ಸೈಕಲ್ ಹಾರ್ನು,
ಐದು, ಎಸ್ಪೆರಾನ್ಸಾ ಉಸಿರು ಹಿಡಿದಿದ್ದಳು,

ಆರು ಮುಗಿದು ಏಳೂ ದಾಟಿತು.
ಮುದುಕ ಕೊಂಕಣಿಯಲ್ಲಿ ತನ್ನನ್ನೇ ಬೈದುಕೊಂಡ,
ಕಿವಿಯ ಯಂತ್ರ ಕಿತ್ತು ಮೇಜಿಗಿಟ್ಟ,
ಕನ್ನಡಕ ಒರೆಸಿದ,
ಹಾಳೆಯನ್ನು ನಾನು ತೋರಿಸಿದಂತೆ ಎರಡೂ ಕೈಯಲ್ಲಿ ಹಿಡಿದು
ಹಿಂದಕ್ಕೆ ತಿರುವಿದ,
ಮೊದಲ ಮನೆಗೆ.